ಮೌಖಿಕ ಪರೀಕ್ಷೆಯ ಪ್ರಶ್ನೆಗಳನ್ನು ಬರೆದುಕೊಟ್ಟರೆ ತಪ್ಪೇನು?

ನಿಶಾಂತ್: ನಾನು ಆಟಿಸಂ ಇರುವ ಸ್ನಾತಕೋತ್ತರ ವಿದ್ಯಾರ್ಥಿ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಬರೆದೂ ಕೊಡಿ, ಯೋಚಿಸಲು ಎರಡು ನಿಮಿಷ ಬಿಡಿ, ಸದ್ದಿಲ್ಲದ ಕೊಠಡಿ ಕೊಡಿ ಎಂದು ಅರ್ಜಿ ಹಾಕಿದ್ದೆ. "ಎಲ್ಲರಿಗೂ ಒಂದೇ ನಿಯಮ" ಎಂದು ತಿರಸ್ಕರಿಸಿದರು. ಇದು ನ್ಯಾಯವೇ?

ರಾಘವೇಂದ್ರ: ನಾನೂ ಪರೀಕ್ಷಕ. ನಿಯಮ ಒಂದೇ ಇರಬೇಕು. ಕಣ್ಣಲ್ಲಿ ಕಣ್ಣಿಟ್ಟು, ತಡವರಿಸದೆ ಉತ್ತರಿಸುವುದೇ ಮೌಖಿಕ ಪರೀಕ್ಷೆ. ಇಂದು ಒಬ್ಬರಿಗೆ ಎರಡು ನಿಮಿಷ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ.

ಸುಮನಾ: "ಕಣ್ಣಲ್ಲಿ ಕಣ್ಣಿಟ್ಟು" ಎಂಬುದು ಯಾವ ಪಠ್ಯಕ್ರಮದಲ್ಲಿದೆ ಸರ್? ನೆಲ ನೋಡಿಕೊಂಡು ವಿವರಿಸಿದರೂ ಥರ್ಮೋಡೈನಾಮಿಕ್ಸ್‌ನ ಎರಡನೆಯ ನಿಯಮ ಅದೇ ಆಗಿರುತ್ತದೆ.

ರಾಘವೇಂದ್ರ: ಪಠ್ಯಕ್ರಮದಲ್ಲಿ ಇಲ್ಲದಿರಬಹುದು, ಅನುಭವದಲ್ಲಿದೆ. ಉತ್ತರ ಗೊತ್ತಿಲ್ಲದವರೇ ಕಣ್ಣು ತಪ್ಪಿಸುತ್ತಾರೆ.

ವೀಣಾ: ಆ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಮಾನಸಿಕ ಸ್ಥಿತಿಗಳನ್ನು ಗುರುತಿಸಲು ವೈದ್ಯರು ಬಳಸುವ, ಅಮೆರಿಕದ ಮನೋವೈದ್ಯರ ಸಂಘದ 2013ರ ಡಿಎಸ್‌ಎಂ-5 ಕೈಪಿಡಿ ಕಣ್ಣಿನ ಸಂಪರ್ಕದಲ್ಲಿನ ವ್ಯತ್ಯಾಸವನ್ನೂ, ಸದ್ದು ಬೆಳಕುಗಳಿಗೆ ತೀವ್ರವಾಗಿ ಸ್ಪಂದಿಸುವುದನ್ನೂ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದೆ. ಆಟಿಸಂ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದಿದ್ದಾರೆ: ಆಟಿಸಂ ಇರುವವರು ಇಲ್ಲದವರನ್ನು ಅರಿಯಲು ಎಷ್ಟು ತಡವರಿಸುತ್ತಾರೋ, ಇಲ್ಲದವರೂ ಅವರನ್ನು ಅರಿಯಲು ಅಷ್ಟೇ ತಡವರಿಸುತ್ತಾರೆ.

ಗಿರೀಶ್: "ಲಕ್ಷಣ" ಎಂದು ನೀವೇ ಹೇಳಿದಿರಿ. ಹಾಗಿದ್ದರೆ ಅದನ್ನು ತಿದ್ದಿಕೊಳ್ಳಲು ತರಬೇತಿ ಕೊಡಿ. ಉದ್ಯೋಗದ ಸಂದರ್ಶನದಲ್ಲಿ ಯಾರು ವಿನಾಯಿತಿ ಕೊಡುತ್ತಾರೆ?

ಸುಮನಾ: ತಿದ್ದಿಕೊಳ್ಳಬೇಕೇ? ದಿನವಿಡೀ ಬಲವಂತವಾಗಿ ಕಣ್ಣು ನೋಡುತ್ತಾ, ಸಹಜವಾಗಿದ್ದೇನೆಂದು ತೋರಿಸಿಕೊಂಡು ಸಂಜೆ ಕೋಣೆಯಲ್ಲಿ ಕುಸಿದು ಕೂರುವ ನನ್ನ ತಮ್ಮನನ್ನು ನಾನು ನೋಡಿದ್ದೇನೆ. ನಿಮ್ಮ ಮಾತು ಕ್ರೂರವಾಗಿದೆ. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 24ನೆಯ ವಿಧಿ ಉನ್ನತ ಶಿಕ್ಷಣದಲ್ಲೂ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ಇದು ವಿನಾಯಿತಿಯಲ್ಲ, ಹಕ್ಕು.

ರಾಘವೇಂದ್ರ: ಅದೇ ಒಡಂಬಡಿಕೆಯ 2ನೆಯ ವಿಧಿಯನ್ನೂ ಓದಿ. ಹೊಂದಾಣಿಕೆ ಮಿತಿಮೀರಿದ ಹೊರೆಯಾಗಬಾರದು ಎಂದಿದೆ.

ಸುಮನಾ: ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆಯುವುದು ಹೊರೆಯೇ?

ಗಿರೀಶ್: ಮೇಡಂ, ಕ್ರೂರ ಎಂದು ಕರೆದ ಮೇಲೆ ಚರ್ಚೆ ಎಲ್ಲಿ ಉಳಿಯಿತು? ಸಂದರ್ಶನದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ವೀಣಾ: ಉತ್ತರಿಸುತ್ತೇನೆ. ಸಂದರ್ಶನದ ಪ್ರಶ್ನೆಗಳನ್ನು ಮುಂಚಿತವಾಗಿ ಕಳುಹಿಸುವ ಉದ್ಯೋಗದಾತರೂ ಇದ್ದಾರೆ.

ಗಿರೀಶ್: "ಇದ್ದಾರೆ" ಎಂದರೆ ಎಲ್ಲರೂ ಅಲ್ಲ.

ನಿಶಾಂತ್: ನಾನು ಕೇಳಿದ್ದರಲ್ಲಿ ಕಣ್ಣಿನ ಮಾತೇ ಇರಲಿಲ್ಲ. ಕೊಠಡಿಯ ಟ್ಯೂಬ್‌ಲೈಟ್ ಗುಂಯ್‌ಗುಡುತ್ತಿತ್ತು. ಮೂರನೆಯ ಪ್ರಶ್ನೆಯ ಮೊದಲರ್ಧ ಕೇಳಿಸಿತು, ಉಳಿದದ್ದು ಆ ಸದ್ದಿನಲ್ಲಿ ಮುಳುಗಿತು. ಮತ್ತೊಮ್ಮೆ ಕೇಳಿ ಎಂದಾಗ ಪರೀಕ್ಷಕರು "ಗಮನವಿಲ್ಲ" ಎಂದು ಬರೆದುಕೊಂಡರು. ಉತ್ತರ ನನ್ನದೇ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿತ್ತು.

ರಾಘವೇಂದ್ರ: ಟ್ಯೂಬ್‌ಲೈಟ್ ಬದಲಿಸುವುದು ನಿರ್ವಹಣಾ ವಿಭಾಗದ ಕೆಲಸ, ಪರೀಕ್ಷಕರದ್ದಲ್ಲ.

ಸುಮನಾ: ಪ್ರಶ್ನೆ ಬರೆದುಕೊಡುವುದು ಪರೀಕ್ಷಕರದ್ದೇ ಕೆಲಸ. ಅದಕ್ಕೆ ಉತ್ತರಿಸಿ.