‘ಡಿಟೆನ್ಶನ್’ ಗೇಮ್ ನೆಪದಲ್ಲಿ ಒಂದು ಪ್ರಶ್ನೆ: ಸೈಕಲಾಜಿಕಲ್ ಹಾರರ್‌ಗೆ ‘ಅಳುಕು’ ಅಂದ್ರೆ ಆಗುತ್ತಾ?

ಎಲ್ರಿಗೂ ನಮಸ್ಕಾರ,

ಒಂದು ವಿಡಿಯೋ ಗೇಮ್ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೀತಾ ಇದೀನಿ, ಅರ್ಧಕ್ಕೆ ಬಂದು ಪದ ಸಿಗದೆ ನಿಂತಿದೆ. ಗೇಮ್ ಹೆಸರು ‘ಡಿಟೆನ್ಶನ್’, ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ ಅನ್ನೋ ಸಣ್ಣ ತಂಡ 2017ರ ಜನವರಿಯಲ್ಲಿ ಬಿಡುಗಡೆ ಮಾಡಿದ್ದು. ಇದೇ ತಂಡದ ಎರಡನೇ ಗೇಮ್ ‘ಡಿವೋಷನ್’ 2019ರಲ್ಲಿ ಬಂತು, ಅದರೊಳಗೆ ಚೀನಾ ಅಧ್ಯಕ್ಷರನ್ನ ಗೇಲಿ ಮಾಡೋ ಒಂದು ಮಂತ್ರದ ಚೀಟಿ ಇದೆ ಅಂತ ರಾದ್ಧಾಂತ ಆಗಿ ಸುಮಾರು ಒಂದು ವಾರಕ್ಕೇ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಿಂದ ಇಳಿಸಿಬಿಟ್ರು, ಹಾಗಾಗಿ ಈ ತಂಡದ ಹೆಸರು ಹೇಳಿದ್ರೆ ಜನಕ್ಕೆ ಆ ಗಲಾಟೆ ನೆನಪಾಗುತ್ತೆ, ಮೊದಲನೇ ಗೇಮ್ ಅದರ ನೆರಳಲ್ಲೇ ಉಳಿದುಹೋಯ್ತು. ನಮ್ಮ ಕಡೆ ಹಾರರ್ ಗೇಮ್ ಅಂದ್ರೆ ರೆಸಿಡೆಂಟ್ ಈವಿಲ್, ಸೈಲೆಂಟ್ ಹಿಲ್ ಅಷ್ಟಕ್ಕೇ ಮಾತು ಮುಗಿಯುತ್ತೆ, ಇದನ್ನ ಆಡಿದೋರು ಸಿಗೋದೇ ಅಪರೂಪ. ಮುಂದೆ ಕಥೆನೆಲ್ಲಾ ಬಿಟ್ಟುಕೊಡ್ತೀನಿ, ಆಡೋ ಮನಸ್ಸಿರೋರು ಇಲ್ಲೇ ನಿಲ್ಲಿಸಿಬಿಡಿ.

ವಿಷಯ ಏನಂದ್ರೆ, ಹೊರಗಿನ ದೆವ್ವಕ್ಕಿಂತ ಮನಸ್ಸಿನ ಒಳಗಿಂದ ಹೆದರಿಸೋ ಈ ಜಾತಿಯ ಗೇಮಿಗೆ ಸೈಕಲಾಜಿಕಲ್ ಹಾರರ್ ಅಂತಾರಲ್ಲ, ಅದಕ್ಕೆ ಪತ್ರಿಕೆಗಳಲ್ಲಿ ‘ಮನೋವೈಜ್ಞಾನಿಕ ಭಯಾನಕ’ ಅಂತ ಬರೆದಿರೋದನ್ನ ನೋಡಿದೀನಿ, ಓದಿದ್ರೆ ಮನೋವಿಜ್ಞಾನದ ಮೇಷ್ಟ್ರಿಗೆ ಯಾರೋ ಹೆದರಿಕೊಂಡ ಹಾಗಿದೆ. ‘ಮಾನಸಿಕ ಭಯ’ ಅಂದ್ರೆ ಅದು ಕಾಯಿಲೆ ಹೆಸರು. ಸುಮ್ನೆ ‘ಸೈಕಲಾಜಿಕಲ್ ಹಾರರ್’ ಅಂತಲೇ ಬರೆದುಬಿಡಬಹುದು, ನನಗೇನೂ ಮಡಿ ಇಲ್ಲ, ಬಸ್ಸು ಕಾರು ಅಂದ ಹಾಗೇ ಅದೂ ನಡೆಯುತ್ತೆ. ಆದ್ರೆ ಈ ಗೇಮ್ ವಿಷಯದಲ್ಲಿ ಹಾಗೆ ಬರೆದುಬಿಟ್ರೆ ನಾನು ಹೇಳಬೇಕಾಗಿರೋದು ಮುಚ್ಚಿಹೋಗುತ್ತೆ, ಯಾಕಂದ್ರೆ ಈ ಗೇಮಿನ ಮೊದಲರ್ಧ ಒಂದು ಥರ ಹೆದರಿಸುತ್ತೆ ಎರಡನೇ ಅರ್ಧ ಪೂರ್ತಿ ಬೇರೆ ಥರ ಹೆದರಿಸುತ್ತೆ, ಇಂಗ್ಲಿಷಲ್ಲಿ ವಿಮರ್ಶೆ ಬರೆದವರು ಎರಡನ್ನೂ ಹಾರರ್ ಅಂತ ಒಂದೇ ಚೀಲಕ್ಕೆ ತುಂಬಿ ‘ಕೊನೇಲಿ ಹಾರರ್ ಕಮ್ಮಿ ಆಗೋಯ್ತು’ ಅಂತ ಮಾರ್ಕ್ಸ್ ಕಳೆದಿದಾರೆ. ನಮ್ಮ ಹತ್ರ ಇದಕ್ಕೆ ಬೇರೆ ಬೇರೆ ಮಾತುಗಳೇ ಇವೆ.

ಬೆಚ್ಚಿಬೀಳೋದು ಒಂದು, ತಟ್ಟನೆ ಸದ್ದಾಗಿ ಎದೆ ಧಸಕ್ ಅನ್ನೋದು. ದಿಗಿಲು ಇನ್ನೊಂದು, ಏನೋ ಬರ್ತಿದೆ ಅಂತ ಗೊತ್ತು, ಇನ್ನೂ ಬಂದಿಲ್ಲ. ಹೇಸಿಗೆ ಅಥವಾ ಜುಗುಪ್ಸೆ, ಅದು ರಕ್ತ ಮಾಂಸ ನೋಡಿದಾಗ, ಅಲಂಕಾರಶಾಸ್ತ್ರದೋರು ಅದನ್ನ ಬೀಭತ್ಸಕ್ಕೆ ಹಾಕಿ ಭಯಾನಕದಿಂದ ಬೇರೆ ಇಟ್ಟಿದಾರೆ. ಕೊನೇದು ಅಳುಕು. ಅಳುಕಿಗೆ ಎದುರುಗಡೆ ದೆವ್ವ ಬೇಕಾಗಿಲ್ಲ, ಒಳಗೆ ಏನೋ ಇಟ್ಕೊಂಡಿರಬೇಕು. ‘ಒಂಚೂರೂ ಅಳುಕಿಲ್ಲದೆ ಸುಳ್ಳು ಹೇಳಿದ’ ಅಂತೀವಿ, ‘ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡೋಕೆ ಅಳುಕಾಯ್ತು’ ಅಂತೀವಿ, ಹುಲಿ ನೋಡಿ ಅಳುಕಿದೆ ಅಂತ ಇವತ್ತು ಯಾರೂ ಹೇಳಲ್ಲ. ಹಳಗನ್ನಡದ ಅಳ್ಕು ಅನ್ನೋದಕ್ಕೆ ಬರೀ ಹೆದರಿಕೆ ಅನ್ನೋ ಅರ್ಥನೂ ಇತ್ತು, ಈಗ ಮಾತಲ್ಲಿ ಅದು ತಪ್ಪಿತಸ್ಥ ಮನಸ್ಸಿನ ಕಡೆಗೇ ವಾಲಿದೆ ಅನ್ನೋದು ನನ್ನ ಕಿವಿಯ ಸಾಕ್ಷಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಲ್ಲ, ಅವನಿಗೆ ಆಗಿದ್ದು ದಿಗಿಲಲ್ಲ, ಅಳುಕು.

ನಾಟ್ಯಶಾಸ್ತ್ರದ ಏಳನೇ ಅಧ್ಯಾಯದಲ್ಲಿ 33 ವ್ಯಭಿಚಾರಿ ಭಾವಗಳ, ಅಂದ್ರೆ ಬಂದು ಹೋಗೋ ಭಾವಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಬೆಚ್ಚೋದೂ ಅಳುಕೋದೂ ಬೇರೆ ಬೇರೆಯಾಗೇ ಇವೆ. ತ್ರಾಸ ಅನ್ನೋದು ಸಿಡಿಲು, ಉಲ್ಕೆ ಬೀಳೋದು, ಪ್ರಾಣಿಗಳ ಕೂಗು ಇಂಥವುಗಳಿಂದ ಹುಟ್ಟುತ್ತೆ, ಅಂದ್ರೆ ತಟ್ಟನೆ ಬೆಚ್ಚಿಬೀಳಿಸೋದು, ಇವತ್ತಿನ ಹುಡುಗರ ಜಂಪ್ ಸ್ಕೇರ್. ಶಂಕೆ ಹುಟ್ಟೋದು ಕಳ್ಳತನ, ರಾಜಾಪರಾಧ, ಪಾಪಕರ್ಮ ಇವುಗಳಿಂದ, ಅದರ ಲಕ್ಷಣ ಮತ್ತೆ ಮತ್ತೆ ಸುತ್ತ ನೋಡೋದು, ಬಾಯಿ ಒಣಗೋದು. ಆದ್ರೆ ಎರಡು ಪದಾನೂ ಕನ್ನಡದಲ್ಲಿ ಕೈಬಿಟ್ಟು ಹೋಗಿವೆ, ಧಾರವಾಡದ ಕಡೆ ‘ಭಾಳ ತ್ರಾಸ ಆತು’ ಅಂದ್ರೆ ತೊಂದ್ರೆ ಆಯ್ತು ಅಂತ, ಶಂಕೆ ಅಂದ್ರೆ ಪೊಲೀಸರು ಇನ್ನೊಬ್ಬರ ಮೇಲೆ ಪಡೋದು. ಹಾಗಾಗಿ ಹಳೇ ಶಂಕೆ ಮಾಡ್ತಿದ್ದ ಕೆಲಸ ಈಗ ಅಳುಕು ಮಾಡ್ತಾ ಇದೆ ಅನ್ನಿಸುತ್ತೆ. ಸಂಸ್ಕೃತ ಬಲ್ಲೋರು ಇಲ್ಲಿ ತಿದ್ದಬಹುದು.

ಈಗ ಗೇಮಿಗೆ ಬರ್ತೀನಿ. ಕಾಲ 1960ರ ದಶಕ, ಜಾಗ ತೈವಾನಿನ ಗುಡ್ಡಗಾಡಿನ ಒಂದು ಹೈಸ್ಕೂಲು. ಅಲ್ಲಿ 1949ರಿಂದ 1987ರವರೆಗೆ 38 ವರ್ಷ ಮಾರ್ಷಲ್ ಲಾ ಇತ್ತು, ನಿಷೇಧಿತ ಪುಸ್ತಕ ಓದಿದ್ರೂ ಜೈಲು, ಇನ್ನೂ ಮುಂದಕ್ಕೆ ಹೋದ್ರೆ ಗುಂಡು, ಅದಕ್ಕಿಂತ ಕೆಟ್ಟದ್ದು ಅಂದ್ರೆ ಬೇಹುಗಾರರ ಸುಳಿವು ಗೊತ್ತಿದ್ದೂ ತಿಳಿಸದೇ ಇರೋದೂ ಅಪರಾಧವೇ. ಅಂದ್ರೆ ಇಡೀ ಶಾಲೆಗೇ ರಾಜಾಪರಾಧದ ಶಂಕೆ. ವೇ ಅನ್ನೋ ಹುಡುಗ ಕ್ಲಾಸಲ್ಲಿ ನಿದ್ದೆ ಹೋಗಿ ಎದ್ದು ನೋಡ್ತಾನೆ, ಒಬ್ರೂ ಇಲ್ಲ, ಬೋರ್ಡ್ ಮೇಲೆ ಟೈಫೂನ್ ಎಚ್ಚರಿಕೆ ಬರೆದಿದೆ. ಸಭಾಂಗಣದ ವೇದಿಕೆ ಮೇಲೆ ಕುರ್ಚೀಲಿ ಒಬ್ಬಳು ಸೀನಿಯರ್ ಹುಡುಗಿ ಮಲಗಿದಾಳೆ, ರೇ ಅಂತ. ಊರಿಗೆ ಹೋಗೋ ಸೇತುವೆ ಮುರಿದಿದೆ, ಕೆಳಗೆ ಹೊಳೆ ಕೆಂಪಗೆ ಹರೀತಿದೆ, ವಾಪಸ್ ಶಾಲೆಗೇ ಬರಬೇಕು. ಸ್ವಲ್ಪ ಹೊತ್ತಲ್ಲಿ ಹುಡುಗ ಅದೇ ವೇದಿಕೆ ಮೇಲೆ ತಲೆಕೆಳಗಾಗಿ ನೇತಾಡ್ತಿರ್ತಾನೆ, ಅಲ್ಲಿಂದ ನಾವು ರೇ ಆಗಿ ಆಡಬೇಕು.

ಮೊದಲರ್ಧ ದಿಗಿಲಿನ ರಾಜ್ಯ, ಅದರಲ್ಲಿ ಈ ಗೇಮ್‌ನ ಮೀರಿಸೋದು ಕಷ್ಟ. ಕೈಯಲ್ಲಿ ಕತ್ತಿ ಇಲ್ಲ ಬಂದೂಕು ಇಲ್ಲ. ಕಾರಿಡಾರಲ್ಲಿ ಪ್ರೇತ ಎದುರಾದ್ರೆ ಮಾಡಬೇಕಾಗಿರೋದು ಒಂದೇ, ಉಸಿರು ಬಿಗಿಹಿಡಿದು ಪಕ್ಕದಲ್ಲೇ ದಾಟಿಹೋಗೋದು. ಓಡಿದ್ರೆ ಕೆಟ್ಟೆ. ಉಸಿರು ಎಷ್ಟು ಹೊತ್ತೂ ಹಿಡಿಯೋಕಾಗಲ್ಲ, ಅದು ಮುಗಿಯೋದಕ್ಕೂ ಪ್ರೇತ ಅಲ್ಲೇ ನಿಂತು ಗೊಣಗೋದಕ್ಕೂ ಸರಿಹೋಗುತ್ತೆ, ಆಡ್ತಾ ಇರೋ ನಾವೂ ಗೊತ್ತಿಲ್ಲದೆ ಉಸಿರು ಹಿಡಿದಿರ್ತೀವಿ. ಇನ್ನೊಂದು ಉಪಾಯ ಅಂದ್ರೆ ಅನ್ನದ ಬಟ್ಟಲು. ಸತ್ತವರ ಕಾಲ ಬಳಿ ಅನ್ನ ಇಡೋ ಪದ್ಧತಿ ಅವರಲ್ಲಿದೆ, ಅಂಥ ಬಟ್ಟಲನ್ನ ನೆಲದ ಮೇಲೆ ಇಟ್ರೆ ಪ್ರೇತ ಅದರ ಕಡೆ ಬಗ್ಗುತ್ತೆ, ಅಷ್ಟರಲ್ಲಿ ನಾವು ಜಾರಿಕೋಬೇಕು. ಇಂಗ್ಲಿಷ್ ವಿಮರ್ಶೆಗಳಲ್ಲಿ ಇದು ‘ಗಮನ ಬೇರೆ ಕಡೆ ಸೆಳೆಯೋ ವಸ್ತು’ ಅಂತ ಒಂದು ಸಾಲಲ್ಲಿ ಮುಗಿದಿದೆ. ನಾವು ಅದಕ್ಕೆ ಎಡೆ ಅಂತೀವಿ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಇಡೋದು ಅದೇ, ತುಳುನಾಡಿನೋರಿಗೆ ಅಗೆಲು. ನನ್ನ ಕರಡಲ್ಲಿ ‘ಎಡೆ ಇಟ್ಟು ದಾಟಬೇಕು’ ಅಂತ ಬರೆದೆ, ಯಾವ ವಿವರಣೆನೂ ಬೇಕಾಗ್ಲಿಲ್ಲ. ಪ್ರೇತಕ್ಕೆ ಹಸಿವಿದೆ, ಅದನ್ನ ಸೋಲಿಸೋದಲ್ಲ ಉಣ್ಣಿಸಿ ಕಳಿಸೋದು ಅನ್ನೋ ಭಾವನೆ ಆ ಒಂದು ಪದದ ಜೊತೆಗೇ ಬಂದುಬಿಡ್ತು. ನೈವೇದ್ಯ ಅಂದಿದ್ರೆ ಕೆಡ್ತಿತ್ತು, ಅದು ದೇವರ ಮನೆ ಮಾತು.

ಎರಡನೇ ಅರ್ಧದಲ್ಲಿ ಪ್ರೇತಗಳು ಹೆಚ್ಚುಕಮ್ಮಿ ಕಾಣೆಯಾಗ್ತವೆ. ಆಗ ಒಂದೊಂದೇ ಚೂರು ಜೋಡಿಸ್ತಾ ಹೋದ್ರೆ ಗೊತ್ತಾಗೋದು ಇಷ್ಟು: ಮನೇಲಿ ಅಪ್ಪ ಅಮ್ಮನ ಜಗಳದಿಂದ ನೊಂದ ಈ ರೇ ಶಾಲೆಯ ಕೌನ್ಸೆಲರ್ ಚಾಂಗ್ ಅನ್ನೋರನ್ನ ಪ್ರೀತಿಸಿದಾಳೆ, ಅವರು ದೂರ ಸರಿದಾಗ ಅದಕ್ಕೆ ಯಿನ್ ಅನ್ನೋ ಟೀಚರೇ ಕಾರಣ ಅಂದ್ಕೊಂಡಿದಾಳೆ, ಆ ಟೀಚರ್ ಗುಟ್ಟಾಗಿ ನಿಷೇಧಿತ ಪುಸ್ತಕದ ಓದುಕೂಟ ನಡೆಸ್ತಿದ್ರು, ಇವಳು ಪುಸ್ತಕದ ಪಟ್ಟಿಯನ್ನ ವೇ ಕೈಯಿಂದ ಉಪಾಯವಾಗಿ ತೆಗೆಸಿಕೊಂಡು ಶಾಲೆಯ ಮಿಲಿಟರಿ ಇನ್ಸ್‌ಟ್ರಕ್ಟರ್‌ಗೆ ಕೊಟ್ಟಿದಾಳೆ. ಒಬ್ಬ ಟೀಚರ್‌ನ ದೂರ ಮಾಡೋಕೆ ಹೇಳಿದ ಚಾಡಿ ಒಂದು ಕೂಟವನ್ನೇ ನುಂಗಿತು. ಇಲ್ಲಿ ‘ಮಾಹಿತಿದಾರಳು’ ಅಂತ ಬರೆಯೋಕೆ ನನ್ನ ಕೈ ಬರಲ್ಲ, ಚಾಡಿ ಅನ್ನೋದೇ ಸರಿ, ಅದು ಶಾಲೆಮಕ್ಕಳ ಮಾತು, ಅವಳ ಲೆಕ್ಕದಲ್ಲಿ ಅವಳು ಮಾಡಿದ್ದು ಅಷ್ಟೇ.

ಈ ಭಾಗದಲ್ಲಿ ಯಾರೂ ಅಟ್ಟಿಸಿಕೊಂಡು ಬರಲ್ಲ, ಆದ್ರೂ ಮುಂದಿನ ಬಾಗಿಲು ತೆಗೆಯೋಕೆ ಮನಸ್ಸು ಬರಲ್ಲ, ಯಾಕಂದ್ರೆ ಬಾಗಿಲಾಚೆ ಇರೋದು ನಾವು ಮಾಡಿದ್ದು. ಶಾಲೆ ಪೂರ್ತಿ ಅವಳ ಮನಸ್ಸೇ ಅಂತ, ಅವಳೂ ಸತ್ತೇಹೋಗಿದಾಳೆ ಅಂತ ಅಷ್ಟೊತ್ತಿಗೆ ಅರ್ಥ ಆಗಿರುತ್ತೆ. ಕೊನೆಗೆ ಅವಳದೇ ನೆರಳು ಎದುರು ನಿಂತು ಪ್ರಶ್ನೆ ಕೇಳುತ್ತೆ, ಒಪ್ಪಿಕೊಂಡ್ರೆ ಒಂದು ಅಂತ್ಯ, ನುಣುಚಿಕೊಂಡ್ರೆ ಇನ್ನೊಂದು. ಅಲ್ಲಿ ಬಟನ್ ಒತ್ತೋವಾಗ ಆಗೋದಿದೆಯಲ್ಲ, ಅದಕ್ಕೆ ಭಯ ಅಂದ್ರೆ ದೊಡ್ಡ ಮಾತಾಯ್ತು, ಪಶ್ಚಾತ್ತಾಪ ಅಂದ್ರೆ ಆಮೇಲಿನ ಮಾತು. ನಾನು ಅಳುಕು ಅಂತ ಬರೆದಿದೀನಿ. ಒಪ್ಪಿಕೊಂಡ ಅಂತ್ಯದಲ್ಲಿ ವೇ ಎಷ್ಟೋ ವರ್ಷ ಜೈಲಲ್ಲಿ ಕಳೆದು ವಯಸ್ಸಾದವನಾಗಿ ಆ ಖಾಲಿ ಶಾಲೆಗೆ ಬರ್ತಾನೆ, ಮೂಲ ಚೀನೀ ಹೆಸರಿನ ಅರ್ಥವೂ ‘ಶಾಲೆಗೆ ಮರಳುವುದು’ ಅಂತಲೇ. ಇಂಗ್ಲಿಷ್ ಹೆಸರಲ್ಲಿ ಬೇರೆ ಆಟ ಇದೆ, ಕ್ಲಾಸ್ ಮುಗಿದ ಮೇಲೆ ಕೂರಿಸೋದೂ ಅದೇ, ಪೊಲೀಸರು ಹಿಡಿದಿಟ್ಕೊಳ್ಳೋದೂ ಅದೇ. ಕನ್ನಡಕ್ಕೆ ಎರಡೂ ಬರಲ್ಲ. ‘ಮರಳಿ ಶಾಲೆಗೆ’ ಅಂತ ಇಟ್ರೆ ಶಿಕ್ಷಣ ಇಲಾಖೆ ಜಾಥಾದ ಘೋಷಣೆ ಆಗುತ್ತೆ, ‘ಡಿಟೆನ್ಶನ್’ ಅಂತಲೇ ಬಿಟ್ಟಿದೀನಿ.

ಹಾಗಂತ ಗೇಮಲ್ಲಿ ಹುಳುಕಿಲ್ಲ ಅಂತ ಅಲ್ಲ. ಪ್ರೇತಗಳು ಹೋದದ್ದು ನನಗೆ ತಪ್ಪು ಅನ್ಸಲ್ಲ, ಆದ್ರೆ ಅವುಗಳ ಜೊತೆ ಉಸಿರು ಹಿಡಿಯೋ ಕೆಲಸನೂ ಎಡೆ ಇಡೋ ಕೆಲಸನೂ ಹೊರಟುಹೋಗುತ್ತಲ್ಲ, ಅದು ತಪ್ಪು. ಕೈಗೆ ಮಾಡೋಕೆ ಏನೂ ಇಲ್ಲ, ನಡೀತಾ ಹೋಗು, ನೋಡ್ತಾ ಹೋಗು, ಚೀಟಿ ಓದು. ಉಸಿರು ಹಿಡಿಯೋದನ್ನೇ ಸತ್ಯ ಬಚ್ಚಿಡೋದಕ್ಕೆ ಹೊಂದಿಸೋಕೆ ಎಷ್ಟು ಒಳ್ಳೇ ಅವಕಾಶ ಇತ್ತು, ಪ್ರಶ್ನೆ ಕೇಳಿದಾಗ ಬಾಯಿ ಬಿಡದೆ ಎಷ್ಟು ಹೊತ್ತು ಇರ್ತೀಯ ಅಂತ, ಅದನ್ನ ಕೈಚೆಲ್ಲಿದಾರೆ. ಒಗಟುಗಳು ಸಪ್ಪೆ, ಬಹುಪಾಲು ಇಲ್ಲಿಂದ ಸಾಮಾನು ತಗೊಂಡು ಅಲ್ಲಿ ಹಾಕೋದು. ಕೊನೆ ಭಾಗದಲ್ಲಿ ಸಂಕೇತಗಳು ಒಂದರ ಮೇಲೊಂದು ಪೇರಿಸಿದ ಹಾಗಿವೆ, ಮೊದಲೇ ಅರ್ಥ ಆಗಿರೋದನ್ನ ಮತ್ತೆ ಮೂರು ಥರ ಹೇಳಿದ ಹಾಗಾಗುತ್ತೆ. ಇವೆಲ್ಲ ಚಿಲ್ಲರೆ ವಿಷಯ, ಇಡೀ ಗೇಮ್ ಮೂರು ನಾಲ್ಕು ಗಂಟೇಲಿ ಮುಗಿಯೋದ್ರಿಂದ ಸಹಿಸ್ಕೋಬಹುದು.

ನನಗೆ ನಿಜವಾಗಿ ಚುಚ್ಚಿದ್ದು ಚಾಂಗ್ ವಿಷಯ. ವಯಸ್ಕ, ಮೇಷ್ಟ್ರ ಜಾಗದಲ್ಲಿರೋನು, ಕಷ್ಟ ಹೇಳಿಕೊಳ್ಳೋಕೆ ಬಂದ ವಿದ್ಯಾರ್ಥಿನಿ ಜೊತೆ ಸಲಿಗೆ ಬೆಳೆಸಿದಾನೆ, ಗೇಮ್ ಅದನ್ನ ನವಿರಾದ ಪ್ರೇಮದ ಥರ, ಜಿಂಕೆ ಪದಕದ ಉಡುಗೊರೆ ಮೃದು ಸಂಗೀತ ಅಂತ ತೋರಿಸಿ ಬಿಟ್ಟುಬಿಡುತ್ತೆ. ರೇ ಪ್ರತಿಯೊಂದಕ್ಕೂ ಉತ್ತರ ಕೊಡಬೇಕು, ಅವಳ ನೆರಳೇ ಅವಳನ್ನ ಕಟಕಟೆಗೆ ನಿಲ್ಲಿಸುತ್ತೆ, ಇವನಿಗೆ ಒಂದು ಪ್ರಶ್ನೆನೂ ಇಲ್ಲ, ಇವನಿಗೆ ಅಳುಕೇ ಇಲ್ಲ! ಹದಿಹರೆಯದ ಹುಡುಗಿ ಮೇಲೆ ಪೂರ್ತಿ ಭಾರ ಹೊರಿಸಿ, ಆ ಇನ್ಸ್‌ಟ್ರಕ್ಟರ್‌ನೂ ಅವನ ಹಿಂದಿನ ಸರ್ಕಾರವನ್ನೂ ಬರೀ ನೆರಳಲ್ಲಿ ನಿಲ್ಲಿಸಿದ್ದು ಗೇಮಿನ ದೊಡ್ಡ ದೌರ್ಬಲ್ಯ. ಅವರಿಗೆಲ್ಲ ಅಳುಕಿಲ್ಲದೆ ನಿದ್ದೆ ಬಂತು ಅನ್ನೋದೇ ತಂಡದ ಉದ್ದೇಶ ಇದ್ದಿರಬಹುದು ಅಂತ ಒಬ್ಬರು ವಾದ ಮಾಡಿದ್ರು. ಇರಬಹುದು, ಆದ್ರೆ ಅದು ಪರದೆ ಮೇಲೆ ಕಾಣಬೇಕಿತ್ತು.

ಸರಿ, ನನಗೆ ಬೇಕಾಗಿರೋದು ಇವು. ಅಳುಕು ಅನ್ನೋದಕ್ಕೆ ತಪ್ಪಿನ ವಾಸನೆ ನನ್ನ ಕಡೆ, ಅಂದ್ರೆ ಹಳೇ ಮೈಸೂರಿನ ಮಾತಲ್ಲಿ ಮಾತ್ರನಾ, ಅಥವಾ ಕಲಬುರ್ಗಿ ಕಡೆ, ಕುಂದಾಪುರದ ಕಡೆನೂ ಹಾಗೇನಾ? ಮೊದಲ ಸಲ ವೇದಿಕೆ ಹತ್ತೋವಾಗ ಆಗೋ ಹಿಂಜರಿಕೆಗೂ ಅಳುಕು ಅಂತಾರೆ, ಅಲ್ಲಿ ತಪ್ಪಿನ ಮಾತಿಲ್ಲ, ಇದು ನನ್ನ ವಾದಕ್ಕೆ ಅಡ್ಡ ಬರುತ್ತೆ ಅಂತ ಗೊತ್ತು, ಅದಕ್ಕೆ ಏನಂತೀರಿ? ಜಂಪ್ ಸ್ಕೇರ್‌ಗೆ ‘ಬೆಚ್ಚು’ ಅಂತ ನಾಮಪದ ಮಾಡಿದ್ರೆ ಓದೋರಿಗೆ ಹೊಲದ ಬೆರ್ಚಪ್ಪನೇ ಕಣ್ಣಿಗೆ ಬರ್ತಾನಾ? ಕೊನೇದಾಗಿ, ಹುಡುಕಾಟ ತೊಳಲಾಟ ಇದ್ದ ಹಾಗೆ ‘ಅಳುಕಾಟ’ ಅಂತ ಮಾಡಿಕೊಂಡ್ರೆ ಅದರಲ್ಲಿ ಆಟನೂ ಬಂತು ಅಳುಕೂ ಬಂತು, ಈ ಜಾತಿಯ ಗೇಮಿಗೇ ಆ ಹೆಸರು ಇಡಬಹುದು ಅಂತ ನನಗೆ ಆಸೆ. ಮನೇಲಿ ಹೇಳಿದ್ರೆ ನಕ್ಕರು. ನೀವು ನಗೋದಿದ್ರೂ ಕಾರಣ ಸಮೇತ ನಗಿ.