ಜಿಂಕೆ ಬೇಟೆಗೆ .223 ರೈಫಲ್ ಸಾಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಆಸ್ಟಿನ್ (ಟೆಕ್ಸಾಸ್):

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಕೊಡಗು. ಚಿಕ್ಕವಳಿದ್ದಾಗ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆದಿದ್ದೇನೆ, ಜೀವ ಇರುವುದಕ್ಕೆ ಯಾವತ್ತೂ ಹೊಡೆದಿಲ್ಲ. ಈ ನವೆಂಬರಿನಲ್ಲಿ ಯಜಮಾನರ ಆಫೀಸಿನವರೊಬ್ಬರು ತಮ್ಮ ಜಮೀನಿಗೆ ಜಿಂಕೆ ಬೇಟೆಗೆ ಕರೆದಿದ್ದಾರೆ. 13 ವರ್ಷದ ಮಗಳೂ ಬರುತ್ತಾಳೆ, ಮೊದಲ ಈಡು ತನ್ನದೇ ಆಗಬೇಕಂತೆ. .308 ರೈಫಲ್ (ಈ ಅಂಕಿ ಅಂದರೆ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ) ಕೊಟ್ಟು ನೋಡಿದೆವು. ಭುಜಕ್ಕೆ ಜೋರಾಗಿ ಒದ್ದಿತು. ಈಗ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾಳೆ. ಅವರ ಹತ್ತಿರ ಹಳೆಯ .223 ಬೋಲ್ಟ್ ರೈಫಲ್ ಇದೆ, ಅದನ್ನೇ ತಗೊಳ್ಳಿ ಅಂತಿದ್ದಾರೆ. ಅಷ್ಟು ಸಣ್ಣ ಗುಂಡಿಗೆ ಜಿಂಕೆ ಬೀಳುತ್ತಾ? ಅರ್ಧಂಬರ್ಧ ಹೊಡೆದು ಪ್ರಾಣಿಯನ್ನು ನರಳಿಸಿದ ಹಾಗಾಗಬಾರದು, ಅದೇ ನನ್ನ ಭಯ.

ಸ್ಯಾನ್ ಆಂಟೋನಿಯೊದಿಂದ:

ಅಕ್ಕ, ಬೀಳುತ್ತೆ. ಆದರೆ ಯಾವ ಗುಂಡು, ಎಲ್ಲಿಗೆ, ಎಷ್ಟು ದೂರದಿಂದ ಅನ್ನೋದು ಸರಿ ಇದ್ದರೆ ಮಾತ್ರ. ನಿಮ್ಮ ಭಯ ಸರಿಯಾದ ಭಯ. ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ.

ನಾನು ಮಲೆನಾಡಿನವನು. ಮರಸು ಕೂತ (ಮರದ ಮೇಲೆ ಅಡಗಿ ಬೇಟೆಗೆ ಕಾದ) ಕತೆಗಳನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವನು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದೆಲ್ಲ ಅಪರಾಧ, ಹಾಗಾಗಿದ್ದೇ ಒಳ್ಳೇದು. ಇಲ್ಲಿ ಲೈಸೆನ್ಸ್, ಸೀಸನ್, ಇಷ್ಟೇ ಜಿಂಕೆ ಅನ್ನುವ ಲೆಕ್ಕ ಎಲ್ಲ ಇದೆ ಅಂತ ಧೈರ್ಯ ಮಾಡಿ ಶುರು ಮಾಡಿದೆ. ಮೊದಲ ವರ್ಷ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ 55 ಗ್ರೇನ್ (ಇದು ಗುಂಡಿನ ತೂಕ) .223 ತೋಟಾ ಡಬ್ಬಿ ತಂದೆ. ಅದು ನರಿಯಷ್ಟು ಗಾತ್ರದ ಪ್ರಾಣಿಗಳಿಗೆ ಅಂತಲೇ ಮಾಡಿದ್ದು. ಮೇಲಿನ ತಾಮ್ರದ ಹೊದಿಕೆ ತೆಳು, ತಾಗಿದ ಕೂಡಲೇ ಒಡೆದು ಚೂರಾಗಬೇಕು ಅಂತಲೇ ಇರುವಂಥದ್ದು. ನನಗೆ ಅದೊಂದೂ ಗೊತ್ತಿರಲಿಲ್ಲ.

ಸಂಜೆ ಒಂದು ಹೆಣ್ಣು ಜಿಂಕೆ 90 ಗಜದಲ್ಲಿ ಅಡ್ಡ ನಿಂತಿತ್ತು. ಭುಜಕ್ಕೇ ಹೊಡೆದೆ. ಮುಂಗಾಲು ಮಡಿಸಿ ಬಿತ್ತು, ಎದ್ದಿತು, ಸೀಡರ್ ಪೊದೆಯೊಳಗೆ ನುಗ್ಗಿತು. ಟಾರ್ಚ್ ಹಿಡಿದು ಹಿಂದೆ ಹೋದೆವು. ಪಾಪಾಸುಕಳ್ಳಿಯ ಎಲೆ ಮೇಲೆ ಮಂಡಿ ಎತ್ತರಕ್ಕೆ ಒರೆಸಿದ ಹಾಗೆ ರಕ್ತ. ಆಮೇಲೆ ಎರಡು ಮಾರಿಗೆ ಒಂದು ಹನಿ. ಆಮೇಲೆ ಹತ್ತು ಮಾರಿಗೆ ಒಂದು. ರಾತ್ರಿ ಹನ್ನೊಂದಕ್ಕೆ ಅದೂ ನಿಂತಿತು. ಬೆಳಗ್ಗೆ ಒಣಗಿದ ಹಳ್ಳದಲ್ಲಿ ಸಿಕ್ಕಿತು, ಇನ್ನೂ ಉಸಿರಾಡುತ್ತಿತ್ತು. ಇನ್ನೊಂದು ಈಡು ಹೊಡೆಯಬೇಕಾಯಿತು. ಚರ್ಮ ಸುಲಿದಾಗ ನೋಡಿದೆ: ಭುಜದ ಮೇಲೆ ಅಂಗೈ ಅಗಲದ ಗಾಯ, ಆಳ ಮಾತ್ರ ಎರಡು ಬೆರಳು. ಮಾಂಸದಲ್ಲಿ ನುಚ್ಚಕ್ಕಿಯಂಥ ಸೀಸದ ಚೂರು. ಒಂದೂ ಪುಪ್ಪುಸಕ್ಕೆ ಮುಟ್ಟಿರಲಿಲ್ಲ. ಆ ರಾತ್ರಿಯಿಡೀ ಅದು ಹಳ್ಳದಲ್ಲಿ ಬಿದ್ದಿತ್ತು ಅನ್ನೋದು ನನಗೆ ಈಗಲೂ ಮರೆತಿಲ್ಲ.

ಮುಂದಿನ ವರ್ಷ ಅದೇ ರೈಫಲ್, ಗುಂಡು ಮಾತ್ರ ಬೇರೆ. 62 ಗ್ರೇನ್, ಹೊದಿಕೆಗೆ ಸೀಸ ಬೆಸೆದಿರುವಂಥದ್ದು. 62 ಗ್ರೇನ್ ಅಂದರೆ ಬರೀ 4 ಗ್ರಾಂ. ಅದು ಒಡೆಯುವುದಿಲ್ಲ, ಅಣಬೆ ಹಾಗೆ ಅರಳಿಕೊಂಡು ಒಳಗೆ ಹೋಗುತ್ತೆ. ಪೂರ್ತಿ ತಾಮ್ರದ ಗುಂಡೂ ಹಾಗೇ. ಅಲ್ಲಿಂದ ಈಚೆಗೆ ಆರು ಜಿಂಕೆ ಹೊಡೆದಿದ್ದೇನೆ, ಯಾವುದೂ 60 ಗಜಕ್ಕಿಂತ ಜಾಸ್ತಿ ಓಡಲಿಲ್ಲ. ನಮ್ಮ ಕಡೆಯ ಹೆಣ್ಣು ಜಿಂಕೆ 40 ಕಿಲೋ ಆಸುಪಾಸು ಇರುತ್ತೆ ಅನ್ನೋದನ್ನೂ ನೆನಪಿಡಿ. ಅಮೆರಿಕದ ಉತ್ತರದ ರಾಜ್ಯಗಳ ದೊಡ್ಡ ಗಂಡಿಗೆ ಈ ಧೈರ್ಯ ನಾನು ಮಾಡಲ್ಲ.

ಮಗಳಿಗೆ ಭುಜ ತೋರಿಸಬೇಡಿ. ಮುಂಗಾಲಿನ ಹಿಂದೆ, ಎದೆಯ ಕೆಳಗಿಂದ ಮೂರನೇ ಒಂದು ಭಾಗ ಮೇಲೆ. ಪುಪ್ಪುಸ, ಹೃದಯ ಇರುವ ಜಾಗ ಸುಮಾರು 8 ಇಂಚು, ಒಂದು ಪೇಪರ್ ತಟ್ಟೆಯಷ್ಟು. ಜಿಂಕೆ ಅಡ್ಡ ನಿಂತಿರಬೇಕು. ಎದುರಾಗಿ ನಿಂತರೆ ಬೇಡ. 100 ಗಜ ದಾಟಿದರೆ ಬೇಡ. ಬೇಡ ಅಂದಾಗ ಅವಳು ರೈಫಲ್ ಕೆಳಗಿಡುತ್ತಾಳೆ ಅಂದರೆ ಅವಳು ತಯಾರಾಗಿದ್ದಾಳೆ ಅಂತ ಲೆಕ್ಕ.

ಡೆನ್ವರ್‌ನಿಂದ:

ಟೆಕ್ಸಾಸ್‌ನವರು ಹೇಳಿದ್ದು ಟೆಕ್ಸಾಸ್‌ಗೆ ಸರಿ. ಅಲ್ಲಿ ಸೆಂಟರ್‌ಫೈರ್ (ತೋಟಾದ ತಳದ ನಡುವಿಗೆ ಬಡಿದು ಹೊತ್ತುವಂಥದ್ದು) ಯಾವುದಾದರೂ ನಡೆಯುತ್ತೆ, ರಿಮ್‌ಫೈರ್ (ಸಾಮಾನ್ಯ .22ರ ಥರ, ತಳದ ಅಂಚಿಗೆ ಬಡಿಯುವಂಥದ್ದು) ಮಾತ್ರ ಜಿಂಕೆಗೆ ನಿಷಿದ್ಧ. ನಮ್ಮ ಕೊಲರಾಡೊದಲ್ಲಿ .223 ತಗೊಂಡು ಜಿಂಕೆಗೆ ಹೋದರೆ ಕೇಸ್ ಬೀಳುತ್ತೆ. ಇಲ್ಲಿ ಕನಿಷ್ಠ .24, ಜಿಂಕೆಗೆ ಗುಂಡು 70 ಗ್ರೇನ್ ಆದರೂ ಇರಬೇಕು, ಎಲ್ಕ್‌ಗೆ (ತುಂಬಾ ದೊಡ್ಡ ಜಾತಿಯ ಜಿಂಕೆ) 85. 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. ವರ್ಜೀನಿಯಾದಲ್ಲಿ .23ರ ಗೆರೆ. ಹಾಗಾಗಿ ಬೇರೆ ರಾಜ್ಯಕ್ಕೆ ಹೋಗುವ ಮೊದಲು ಅಲ್ಲಿಯ ನಿಯಮ ಓದಿ.

ನಾವು ಮನೆಯವರೆಲ್ಲ ಬಳಸೋದು .243 ವಿಂಚೆಸ್ಟರ್. 1955ರಲ್ಲಿ ಬಂದದ್ದು, .308ರ ತೋಟಾದ ಕತ್ತು ಸಣ್ಣ ಮಾಡಿದ್ದು ಅಷ್ಟೇ. ಒದೆತ .308ರ ಸುಮಾರು ಅರ್ಧ. 100 ಗ್ರೇನ್ ಗುಂಡು ಜಿಂಕೆಗೆ ಧಾರಾಳ ಸಾಕು. ಎಲ್ಕ್‌ಗೂ ಕಾನೂನಿನಲ್ಲಿ ಸರಿ. ಆದರೆ ಹೋದ ವರ್ಷ ಒಂದು ಹೆಣ್ಣು ಎಲ್ಕ್ ನನ್ನ ಎದುರು ಎರಡು ಗಂಟೆ ಮೇಯ್ದು ಹೋಯಿತು. ಒಂದು ಸಲವೂ ಅಡ್ಡ ನಿಲ್ಲಲಿಲ್ಲ. ಕೈಯಲ್ಲಿ .243 ಇತ್ತು, ಹೊಡೆಯಲಿಲ್ಲ.

ನ್ಯೂಜೆರ್ಸಿಯಿಂದ:

1953ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಬೆಲ್ಲಾ ಟ್ವಿನ್ ಅನ್ನುವ ಕ್ರೀ ಬುಡಕಟ್ಟಿನ ಹೆಂಗಸು .22 ಒಂಟಿ ತೋಟಾದ ರೈಫಲ್‌ನಲ್ಲಿ ದೊಡ್ಡ ಗ್ರಿಜ್ಲಿ ಕರಡಿಯನ್ನೇ ಕೊಂದರಲ್ಲ? ಹಾಗಿದ್ದರೆ ಜಿಂಕೆಗೆ ಇಷ್ಟೊಂದು ಯೋಚನೆ ಯಾಕೆ?

ಸ್ಯಾನ್ ಆಂಟೋನಿಯೊದಿಂದ:

ಸರ್, ಆಕೆಗೆ ಆಗ 63 ವರ್ಷ. ಬಲೆ, ಉರುಲು ಹಾಕಿಕೊಂಡು ಕಾಡಿನಲ್ಲೇ ಬದುಕಿದವರು. ಕರಡಿ ತೀರಾ ಹತ್ತಿರ ಬಂದಾಗ ತಲೆಗೆ ಹೊಡೆದರು, ಬಿದ್ದಮೇಲೂ ಮತ್ತೆ ಮತ್ತೆ ತೋಟಾ ತುಂಬಿ ಅಲ್ಲಿಗೇ ಹೊಡೆದರು. ಅದು ಜೀವ ಉಳಿಸಿಕೊಳ್ಳುವ ಮಾತು. ನಾವು ಹೋಗೋದು ನಾವೇ ಇಷ್ಟಪಟ್ಟು. ಬೇಕಾದ ರೈಫಲ್ ಆರಿಸಿಕೊಳ್ಳುವ ಅವಕಾಶ ನಮಗಿದೆ ಅಲ್ವಾ?

ಇಂಗ್ಲೆಂಡಿನ ಕೆಂಟ್‌ನಿಂದ:

ಇಲ್ಲಿ ಪ್ರಾಣಿ ನೋಡಿ ನಿಯಮ. 1991ರ ಜಿಂಕೆ ಕಾಯ್ದೆ ಪ್ರಕಾರ ದೊಡ್ಡ ಜಿಂಕೆಗೆ ಕನಿಷ್ಠ .240, ಜೊತೆಗೆ 1,700 ಫುಟ್-ಪೌಂಡ್. ಮಂಟ್‌ಜ್ಯಾಕ್, ಚೈನೀಸ್ ವಾಟರ್ ಡಿಯರ್‌ಗೆ ಮಾತ್ರ .220 ಸಾಕು. ಮಂಟ್‌ಜ್ಯಾಕ್ ಅಂದರೆ ನಮ್ಮ ಕಾಡುಕುರಿಯ ಹತ್ತಿರದ ನೆಂಟ, ಅದಕ್ಕಿಂತ ಸ್ವಲ್ಪ ಸಣ್ಣದು. ಅದಕ್ಕೆ ನಾನೂ .223 ಒಯ್ಯುತ್ತೇನೆ. ಫ್ಯಾಲೋ ಜಿಂಕೆಗೆ ಅದನ್ನು ಮುಟ್ಟುವ ಹಾಗೇ ಇಲ್ಲ.

ಹ್ಯೂಸ್ಟನ್‌ನಿಂದ:

ಅಕ್ಕ, ಒಂದು ಮುಖ್ಯ ಮಾತು. ನಿಮ್ಮ ವೀಸಾ ಯಾವುದು? ಎಚ್-1ಬಿ ಥರದ್ದಾದರೆ ಇಲ್ಲಿಯ ಫೆಡರಲ್ ಕಾನೂನಿನಲ್ಲಿ ಬಂದೂಕು, ತೋಟಾ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ಅಭ್ಯಾಸಕ್ಕೆ ಹೋಗುವ ಮೊದಲೇ ಲೈಸೆನ್ಸ್ ತಗೊಳ್ಳಿ. ಹಂಟರ್ ಎಜುಕೇಶನ್ ಕೋರ್ಸನ್ನು ಮಗಳ ಜೊತೆ ನೀವೂ ಮಾಡಿ. 1971ರ ಸೆಪ್ಟೆಂಬರ್ 2 ಮತ್ತು ಆಮೇಲೆ ಹುಟ್ಟಿದವರಿಗೆ ಟೆಕ್ಸಾಸ್ ಅದನ್ನು ಕೇಳುತ್ತೆ.

ಆಸ್ಟಿನ್‌ನಿಂದ, ಎರಡು ವಾರದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ರೀನ್ ಕಾರ್ಡ್ ಇದೆ, ಕೋರ್ಸೂ ಮುಗಿಯಿತು. 62 ಗ್ರೇನ್ ತಾಮ್ರದ ಗುಂಡು ತಂದು ಆ ಹಳೆಯ .223ರಲ್ಲಿ ಹೊಡೆದೆವು. 50 ಗಜದಲ್ಲೇ ಅಲ್ಲೊಂದು ಇಲ್ಲೊಂದು ಬೀಳುತ್ತಿದೆ. ಎರಡು ತೂತು ದುಂಡಗಿಲ್ಲ, ಬೀಗದ ಕೈ ತೂತಿನ ಹಾಗೆ ಉದ್ದಕ್ಕಿವೆ. ನಳಿಗೆ ಮೇಲೆ 1-12 ಅಂತ ಕೊರೆದಿದೆ. ಏನಿದು?

ಸ್ಯಾನ್ ಆಂಟೋನಿಯೊದಿಂದ:

ಗುಂಡು ಅಡ್ಡ ತಿರುಗಿಕೊಂಡು ಬೀಳುತ್ತಿದೆ ಅಕ್ಕ. 1-12 ಅಂದರೆ ನಳಿಗೆಯೊಳಗಿನ ಸುರುಳಿ ಗೆರೆ 12 ಇಂಚಿಗೆ ಒಂದು ಸುತ್ತು. 55 ಗ್ರೇನ್‌ನ ಗಿಡ್ಡ ಗುಂಡಿಗೆ ಆ ತಿರುಗು ಸಾಕು. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತೆ, ಅದಕ್ಕೆ 9 ಇಂಚಿಗೋ 8 ಇಂಚಿಗೋ ಒಂದು ಸುತ್ತು ಬೇಕು. ನನ್ನದು 1-9, ನಿಮಗೆ ಇದನ್ನು ಮೊದಲೇ ಹೇಳಬೇಕಿತ್ತು. ಆ ರೈಫಲ್ ಜಿಂಕೆಗೆ ಬೇಡ. ಯಾರ ಹತ್ತಿರವಾದರೂ .243 ಸಿಗುತ್ತಾ ನೋಡಿ.

ಆಸ್ಟಿನ್‌ನಿಂದ:

ಸಿಕ್ಕಿತು. ಕಿವಿಗೆ ಒಳಗೊಂದು ಹೊರಗೊಂದು ಮುಚ್ಚಳ, ಭುಜಕ್ಕೆ ದಪ್ಪ ಪ್ಯಾಡ್. ಮೊದಲು ಒಂದು ವಾರ .22ರಲ್ಲೇ ಹೊಡೆಸಿದೆವು. ಇವತ್ತು 100 ಗಜದಲ್ಲಿ .243ರ 20 ಗುಂಡು. 17 ತಟ್ಟೆಯೊಳಗೆ!

ಸ್ಯಾನ್ ಆಂಟೋನಿಯೊದಿಂದ:

ಶಭಾಷ್ ಅನ್ನಿ ಅವಳಿಗೆ. ತಪ್ಪಿದ ಮೂರು ಎಲ್ಲಿ ಬಿದ್ದವು ನೋಡಿ. ತಟ್ಟೆಯ ಕೆಳಗೆ ಬಿದ್ದಿದ್ದರೆ ಇನ್ನೂ ಬೆಚ್ಚುತ್ತಿದ್ದಾಳೆ ಅಂತ. ಮುಂದಿನ ಸಲ ತೋಟಾ ನೀವೇ ತುಂಬಿ ಕೊಡಿ, ಅವಳಿಗೆ ಗೊತ್ತಾಗದ ಹಾಗೆ ನಡುನಡುವೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ. ಟ್ರಿಗರ್ ಎಳೆದಾಗ ಸದ್ದು ಬರದಿದ್ದರೂ ನಳಿಗೆ ಅಲುಗಿತು ಅಂದರೆ ಅವಳಿಗೇ ಕಾಣಿಸುತ್ತೆ.