ಎಂ.ಎಸ್. ಇರಬಹುದು ಅಂದರು, ಮತ್ತೆ ಎಂಆರ್‌ಐ ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನ್ನ ತಂಗಿಗೆ 29 ವರ್ಷ. ಎರಡು ತಿಂಗಳಿಂದ ಬಲಗೈ ಜೋಮು ಹಿಡಿದಂತಿದೆ, ಮೈಗ್ರೇನ್ ಮೊದಲಿಂದಲೂ ಇದೆ. ಮೆದುಳಿನ ಎಂಆರ್‌ಐ ರಿಪೋರ್ಟಿನಲ್ಲಿ ‘ಬಿಳಿ ಮಚ್ಚೆಗಳಿವೆ, ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂ.ಎಸ್.) ಇರಬಹುದು’ ಎಂದಿದೆ. ಈಗ ನರರೋಗ ತಜ್ಞರು 3 ಟೆಸ್ಲಾ (ಹೆಚ್ಚು ಬಲದ ಅಯಸ್ಕಾಂತ ಇರುವ) ಮೆಷಿನ್ನಿನಲ್ಲಿ ಇನ್ನೊಮ್ಮೆ ಮಾಡಿಸಿ ಅಂತಿದ್ದಾರೆ. ಸುಮ್ನೆ ಖರ್ಚು ಅಲ್ವಾ? ರಿಪೋರ್ಟ್ ಬಂದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ.

ಉತ್ತರ (ರೇಡಿಯಾಲಜಿಸ್ಟ್): ಅಮ್ಮನಿಗೆ ಮೊದಲು ಇದನ್ನು ಹೇಳಿ. ‘ಇರಬಹುದು’ ಅಂದರೆ ಇದೆ ಅಂತಲ್ಲ. ಎಂ.ಎಸ್. ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಗೆ ಹಾನಿ ಮಾಡುವ ಕಾಯಿಲೆ. ಮೈಗ್ರೇನ್ ಇರುವವರಲ್ಲಿ, ಬಿಪಿ ಇರುವವರಲ್ಲಿ, ವಯಸ್ಸಾದವರಲ್ಲಿ ಕೂಡ ಮೆದುಳಿನಲ್ಲಿ ಬಿಳಿ ಚುಕ್ಕೆ ಕಾಣುತ್ತವೆ. ಬರೀ ಚುಕ್ಕೆ ಎಣಿಸಿ ಎಂ.ಎಸ್. ಅಂದುಬಿಟ್ಟರೆ, ಇಲ್ಲದ ಕಾಯಿಲೆಗೆ ವರ್ಷಗಟ್ಟಲೆ ಔಷಧಿ ತೆಗೆದುಕೊಳ್ಳುವ ಹಾಗಾಗುತ್ತದೆ. ನನಗೆ ಅದೇ ಜಾಸ್ತಿ ಭಯ.

ಎಂ.ಎಸ್. ಮಚ್ಚೆ ಸಾಮಾನ್ಯವಾಗಿ ಒಂದು ಸಣ್ಣ ಅಭಿಧಮನಿಯ (ಹೃದಯಕ್ಕೆ ರಕ್ತ ಮರಳಿ ಒಯ್ಯುವ ನಾಳದ) ಸುತ್ತ ಬೆಳೆಯುತ್ತದೆ. ಆ ನಾಳದ ರಕ್ತದಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಎಂಆರ್‌ಐ ಚಿತ್ರ ತೆಗೆಯುವ ವಿಧಾನಗಳಲ್ಲಿ ಒಂದಾದ ಎಸ್‌ಡಬ್ಲ್ಯೂಐ ಥರದ ಸೀಕ್ವೆನ್ಸ್‌ನಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಮಚ್ಚೆಗಳನ್ನು ಬಿಳಿಯಾಗಿ ತೋರಿಸುವ ಫ್ಲೇರ್ ಚಿತ್ರವನ್ನೂ ಇದನ್ನೂ ಸೇರಿಸಿ ನೋಡಿದರೆ, ಬಿಳಿ ಮಣಿಯೊಳಗೆ ಕಪ್ಪು ದಾರ ಪೋಣಿಸಿದ ಹಾಗೆ, ಮಚ್ಚೆಯ ನಟ್ಟನಡುವೆ ಒಂದು ಗೆರೆ ಹಾದು ಹೋಗಿರುತ್ತದೆ. ಮೈಗ್ರೇನ್ ಚುಕ್ಕೆಗಳಲ್ಲಿ ಈ ಗೆರೆ ಅಪರೂಪ. ಗೆರೆ ತುಂಬಾ ಸಣ್ಣದು, 3 ಟೆಸ್ಲಾದಲ್ಲಿ ಚೆನ್ನಾಗಿ ತಿಳಿಯುತ್ತದೆ. ನಿಮ್ಮ ಡಾಕ್ಟರು ಕೇಳುತ್ತಿರುವುದು ಬಹುಶಃ ಇದನ್ನೇ. ಮೆಕ್‌ಡೊನಾಲ್ಡ್ ಮಾನದಂಡ ಅಂತ ಎಂ.ಎಸ್. ಪತ್ತೆಗೆ ಒಂದು ನಿಯಮಾವಳಿ ಇದೆ. ಅದರ 2024ರ ಪರಿಷ್ಕರಣೆಯಲ್ಲಿ ಈ ಗುರುತಿಗೂ ಜಾಗ ಸಿಕ್ಕಿದೆ, ಕಣ್ಣಿನ ನರವೂ ಲೆಕ್ಕಕ್ಕೆ ಬಂದಿದೆ.

ಇನ್ನೊಬ್ಬರ ಪ್ರಶ್ನೆ: ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕೇ ಬೇಕಾ ಸರ್?

ಉತ್ತರ: ಮೊದಲ ಸಲ ಪತ್ತೆ ಮಾಡುವಾಗ ಬಹಳ ಉಪಯೋಗ. ಹೊಸ ಮಚ್ಚೆ ಕೆಲವು ವಾರ ಮಾತ್ರ ಆ ಇಂಜೆಕ್ಷನ್ನಿನಲ್ಲಿರುವ ಗ್ಯಾಡೋಲಿನಿಯಂ ಹೀರಿಕೊಂಡು ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ. ಒಂದೇ ಸ್ಕ್ಯಾನಿನಲ್ಲಿ ಎರಡೂ ಕಂಡರೆ ಕಾಯಿಲೆ ಬೇರೆ ಬೇರೆ ಸಮಯದಲ್ಲಿ ಬಂದಿದೆ ಅಂತ ಗೊತ್ತಾಗುತ್ತದೆ. ಇಂಜೆಕ್ಷನ್ ಕೊಟ್ಟು ಕನಿಷ್ಠ 5 ನಿಮಿಷ ಕಾಯಬೇಕು, ಅವಸರ ಮಾಡಿದರೆ ಹೊಳಪು ತಪ್ಪಿಹೋಗಬಹುದು. ಆಮೇಲಿನ ಫಾಲೋ-ಅಪ್‌ಗೆ ಪ್ರತಿ ಸಲವೂ ಇಂಜೆಕ್ಷನ್ ಬೇಕಿಲ್ಲ.

ಮೊದಲ ಪ್ರಶ್ನೆಯವರು: ಹಾಗಾದರೆ ಮಾಡಿಸುತ್ತೇವೆ. ಸೆಂಟರಿನಲ್ಲಿ ಏನಂತ ಹೇಳಬೇಕು?

ಉತ್ತರ: ‘ಎಂ.ಎಸ್. ಪ್ರೋಟೋಕಾಲ್, 3ಡಿ ಫ್ಲೇರ್, ಜೊತೆಗೆ ಎಸ್‌ಡಬ್ಲ್ಯೂಐ’ ಎಂದು ಡಾಕ್ಟರ ಚೀಟಿಯಲ್ಲೇ ಬರೆಸಿಕೊಳ್ಳಿ. 3ಡಿ ಯಾಕೆಂದರೆ, ದಪ್ಪ ದಪ್ಪ ಪದರದಲ್ಲಿ ತೆಗೆದರೆ ನಡುವಿನ ಸಣ್ಣ ಮಚ್ಚೆ ಕೈತಪ್ಪುತ್ತದೆ. ಕುತ್ತಿಗೆಯ ಬೆನ್ನುಹುರಿಯನ್ನೂ ಸೇರಿಸಬೇಕಾ ಅಂತ ಕೇಳಿ, ಕೈ ಜೋಮಿಗೆ ಕಾರಣ ಅಲ್ಲೇ ಇರಬಹುದು. ಹಳೆಯ ಸ್ಕ್ಯಾನಿನ ಸಿಡಿ ಮರೆಯದೆ ಒಯ್ಯಿರಿ. ಫಿಲ್ಮ್ ಸಾಕಾಗುವುದಿಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡೋಣ.